ಒಡೆಟ್ ಹಂಸವಾಗಿದ್ದಾಗ ಏನು ತಿನ್ನುತ್ತಾಳೆ?

ಹೋದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಬರೆದಿದ್ದೆ. 'ಸ್ವಾನ್ ಲೇಕ್' (ಹಂಸಗಳ ಕೆರೆ) ಅನ್ನುವ ಬ್ಯಾಲೆಯ, ಅಂದರೆ ಯುರೋಪಿನ ನೃತ್ಯನಾಟಕದ, ಕಥೆಯನ್ನು ಯಾರಾದರೂ ಕನ್ನಡದಲ್ಲಿ ಫ್ಯಾಂಟಸಿ ಕಾದಂಬರಿ ಮಾಡಬಾರದೇಕೆ ಅಂತ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಅಂಕಣ ಪೂರ್ತಿ ಹಂಸಗಳಿಗೇ. ಅನುವಾದದ ಬಗ್ಗೆ, ಪ್ರಾಸದ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ (ಹಾಸನ): ಮೇಡಂ, ನಾನು ಬ್ಯಾಲೆಯನ್ನೇ ನೋಡಿಲ್ಲ. ಮೊದಲು ಕಥೆ ಹೇಳಿ, ಆಮೇಲೆ ಕಾದಂಬರಿ.

ಉತ್ತರ: ನ್ಯಾಯವಾದ ಮಾತು. ಸೀಗ್‌ಫ್ರೀಡ್ ಅಂತ ಒಬ್ಬ ರಾಜಕುಮಾರ, ಜರ್ಮನಿಯವನು. ಮದುವೆ ವಯಸ್ಸಿಗೆ ಬಂದಿದ್ದಾನೆ. ನಾಳೆ ಅರಮನೆಯಲ್ಲಿ ಕುಣಿತದ ಕೂಟ ಇದೆ, ಬಂದ ಹುಡುಗಿಯರಲ್ಲಿ ಒಬ್ಬಳನ್ನು ಆರಿಸು ಅಂತ ಅಮ್ಮನ ಹಟ. ಇವನು ತಲೆಕೆಟ್ಟು, ಬಿಲ್ಲು ತೆಗೆದುಕೊಂಡು ರಾತ್ರಿ ಹಂಸದ ಬೇಟೆಗೆ ಹೋಗುತ್ತಾನೆ. ಗುರಿ ಇಡುವ ಹೊತ್ತಿಗೆ ಹಂಸ ಹುಡುಗಿಯಾಗುತ್ತದೆ. ಅವಳೇ ಒಡೆಟ್. ರೋತ್‌ಬಾರ್ಟ್ ಅನ್ನುವ ಮಾಂತ್ರಿಕನ ಕೈವಾಡದಿಂದ ಅವಳೂ ಅವಳ ಗೆಳತಿಯರೂ ಹಗಲೆಲ್ಲ ಹಂಸ, ರಾತ್ರಿ ಮಾತ್ರ ಮನುಷ್ಯರು. ಹಿಂದೆ ಯಾರನ್ನೂ ಪ್ರೀತಿಸದ ಒಬ್ಬ ಗಂಡು ಇವಳಿಗೆ ಆಣೆ ಇಟ್ಟು ಅದನ್ನು ಉಳಿಸಿಕೊಂಡರೆ ಬಿಡುಗಡೆ. ಇವನು ಆಣೆ ಇಡುತ್ತಾನೆ. ಮರುದಿನ ಕೂಟಕ್ಕೆ ರೋತ್‌ಬಾರ್ಟ್ ತನ್ನ ಮಗಳು ಒಡೀಲ್‌ಳನ್ನು ಒಡೆಟ್‌ಳ ರೂಪದಲ್ಲಿ ಕರೆತರುತ್ತಾನೆ. ರಾಜಕುಮಾರ ಮೋಸಹೋಗಿ ಎಲ್ಲರೆದುರು ಅವಳಿಗೇ ಮಾತು ಕೊಡುತ್ತಾನೆ. ಅಲ್ಲಿಗೆ ಮುಗಿಯಿತು. ಕೊನೆಗೆ ಇಬ್ಬರೂ ಕೆರೆಗೆ ಹಾರುತ್ತಾರೆ, ಅಥವಾ ಹಾರುವುದಿಲ್ಲ. ಆ 'ಅಥವಾ' ಬಗ್ಗೆ ಇನ್ನೊಬ್ಬರು ಕೇಳಿದ್ದಾರೆ, ಮುಂದೆ ನೋಡಿ.

ಸಂಗೀತ ರಷ್ಯಾದ ಸಂಗೀತಗಾರ ಚೈಕೋವ್‌ಸ್ಕಿಯದು. ಮಾಸ್ಕೋದ ಬೊಲ್ಶಾಯ್ ರಂಗಮಂದಿರಕ್ಕೆಂದು 1875ರಲ್ಲಿ ಒಪ್ಪಿಕೊಂಡ ಕೆಲಸ, ಸಂಭಾವನೆ 800 ರೂಬಲ್. ಒಂದು ಕಡೆ ದುಡ್ಡು ಬೇಕಿತ್ತು, ಇನ್ನೊಂದು ಕಡೆ ಇಂಥ ಸಂಗೀತದಲ್ಲಿ ಕೈಯಾಡಿಸುವ ಆಸೆ ಬಹಳ ದಿನದಿಂದ ಇತ್ತು ಅಂತ ಅವರೇ ಗೆಳೆಯರೊಬ್ಬರಿಗೆ ಬರೆದಿದ್ದಾರೆ. ಮೊದಲ ಪ್ರದರ್ಶನ 1877ರಲ್ಲಿ. ಹೇಳಿಕೊಳ್ಳುವಂಥ ಹೊಗಳಿಕೆ ಬರಲಿಲ್ಲ. 1893ರಲ್ಲಿ ಚೈಕೋವ್‌ಸ್ಕಿ ತೀರಿಕೊಂಡರು. ಇವತ್ತು ಜಗತ್ತು ನೋಡುವ ಸ್ವಾನ್ ಲೇಕ್ ಹೆಚ್ಚಾಗಿ ನಿಂತಿರುವುದು 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೆಟಿಪಾ ಮತ್ತು ಇವಾನೊವ್ ಅನ್ನುವ ನೃತ್ಯ ಸಂಯೋಜಕರು ಸೇರಿ ಕಟ್ಟಿದ ರೂಪದ ಮೇಲೆ. ಅದನ್ನು ನೋಡಲು ಸಂಗೀತ ಬರೆದವರೇ ಇರಲಿಲ್ಲ.

ಪ್ರಶ್ನೆ (ಶಿವಮೊಗ್ಗ): ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಒಂದೊಂದು ಕಡೆ ಒಂದೊಂದು ಥರ ಕಥೆ ಇದೆ. ಮೂಲ ಯಾವುದು? ತಪ್ಪು ಕಥೆ ಹಿಡಿದುಕೊಂಡು 300 ಪುಟ ಬರೆದರೆ ಓದುಗರು ಬೈಯುವುದಿಲ್ವಾ?

ಉತ್ತರ: ಬೈಯುವುದಿಲ್ಲ. ಯಾಕೆಂದರೆ ಮೂಲ ಅಂತ ಹಿಡಿದು ತೋರಿಸುವಂಥದ್ದು ಇಲ್ಲ. 18ನೇ ಶತಮಾನದ ಮುಸೇಯಸ್ ಅನ್ನುವ ಜರ್ಮನ್ ಬರಹಗಾರರ ಒಂದು ಕಥೆಯಿಂದ ಬಂತು ಅಂತ ಕೆಲವರು ಹೇಳುತ್ತಾರೆ. ಅದರಲ್ಲಿ ಹಂಸಕನ್ಯೆಯ ಮುಸುಕು ಕದಿಯುತ್ತಾರೆ. ಬ್ಯಾಲೆಗೂ ಅದಕ್ಕೂ ಹೋಲಿಕೆ ತೀರಾ ದೂರದ್ದು.

1877ರ ಕಥೆ ಓದಿದರೆ ನಿಮಗೆ ಆಶ್ಚರ್ಯ ಆಗುತ್ತದೆ. ಅಲ್ಲಿ ಒಡೆಟ್‌ಳ ಶತ್ರು ರೋತ್‌ಬಾರ್ಟ್ ಅಲ್ಲ, ಮಲತಾಯಿ. ಗೂಬೆಯಾಗಿ ಬಂದು ಕೂರುವ ಮಾಟಗಾತಿ. ಒಡೆಟ್‌ಳ ತಾಯಿ ಸತ್ತಾಗ ಅಜ್ಜ ಅತ್ತು ಅತ್ತು, ಆ ಕಣ್ಣೀರೇ ಕೆರೆಯಾಯಿತು. ಮೊಮ್ಮಗಳನ್ನು ಅವನು ಆ ಕೆರೆಯಲ್ಲೇ ಅಡಗಿಸಿ ಇಟ್ಟುಕೊಂಡಿದ್ದಾನೆ. ಅವಳ ತಲೆ ಮೇಲೊಂದು ಕಿರೀಟ ಇದೆ, ಅದಿರುವವರೆಗೆ ಮಲತಾಯಿ ಏನೂ ಮಾಡುವಂತಿಲ್ಲ. ಹಗಲು ಗೆಳತಿಯರ ಜೊತೆ ಹಂಸವಾಗಿ ಹಾರಾಡಿಕೊಂಡು ಬರುತ್ತಾಳೆ. ಗಮನಿಸಿ: ಇಲ್ಲಿ ಹಂಸವಾಗುವುದು ಶಾಪಕ್ಕಿಂತ ಜಾಸ್ತಿ ಅಡಗುತಾಣ. ಕೊನೆಯಲ್ಲಿ ಆ ಕಿರೀಟವನ್ನು ಕಿತ್ತು ನೀರಿಗೆ ಎಸೆಯುವವನು ಬೇರೆ ಯಾರೂ ಅಲ್ಲ, ಸೀಗ್‌ಫ್ರೀಡನೇ! ನೀನು ನನ್ನ ಜೊತೆಗೇ ಇರಬೇಕು ಅನ್ನುವ ಹುಚ್ಚಿನಲ್ಲಿ. ಇಬ್ಬರೂ ಮುಳುಗುತ್ತಾರೆ. ನನ್ನನ್ನು ಕೇಳಿದರೆ ಕಾದಂಬರಿಕಾರರಿಗೆ ಇದಕ್ಕಿಂತ ದೊಡ್ಡ ನಿಧಿ ಇಲ್ಲ. ಯಾರೂ ಇದನ್ನು ಮುಟ್ಟುವುದಿಲ್ಲ ಅನ್ನುವುದೇ ನನ್ನ ದುಃಖ.

1895ರ ಹೊತ್ತಿಗೆ ಚೈಕೋವ್‌ಸ್ಕಿಯ ತಮ್ಮ ಮೊಡೆಸ್ಟ್ ಕಥೆ ತಿದ್ದಿದರು. ಅಜ್ಜ ಹೋದ, ಮಲತಾಯಿ ಹೋದಳು, ಎಲ್ಲ ಕೆಟ್ಟತನವೂ ರೋತ್‌ಬಾರ್ಟ್‌ನ ತಲೆಗೆ ಬಂತು. ಕೆರೆ ತಾಯಿಯ ಕಣ್ಣೀರಾಯಿತು. ಇಬ್ಬರೂ ನೀರಿಗೆ ಹಾರುತ್ತಾರೆ, ಅದರಿಂದಲೇ ಮಾಂತ್ರಿಕನ ಶಕ್ತಿ ಮುರಿಯುತ್ತದೆ. ಆಮೇಲೆ ಸೋವಿಯತ್ ಕಾಲದಲ್ಲಿ ಅದೂ ಬೇಡ ಅನಿಸಿತು. ರಾಜಕುಮಾರ ರೋತ್‌ಬಾರ್ಟ್‌ನ ರೆಕ್ಕೆ ಕಿತ್ತು ಗೆಲ್ಲುವ ಸುಖಾಂತ ಬಂತು. 1995ರಲ್ಲಿ ಲಂಡನ್‌ನಲ್ಲಿ ಮ್ಯಾಥ್ಯೂ ಬೋರ್ನ್ ಅನ್ನುವ ನೃತ್ಯ ಸಂಯೋಜಕರು ಹಂಸಗಳನ್ನೆಲ್ಲ ಗಂಡಸರನ್ನಾಗಿ ಮಾಡಿದರು. ಒಂದೇ ಪ್ರಸಂಗ ಮೇಳದಿಂದ ಮೇಳಕ್ಕೆ ಬೇರೆ ಆಗುವುದಿಲ್ವಾ, ಹಾಗೆ.

ಇನ್ನೊಂದು ವಿಷಯ, ಇದು ಕಾದಂಬರಿಗೆ ಸಂಬಂಧವಿಲ್ಲ, ಆದರೂ ಹೇಳದೆ ಇರಲಾರೆ. 1991ರ ಆಗಸ್ಟ್‌ನಲ್ಲಿ ಆಗಿನ ಸೋವಿಯತ್ ನಾಯಕ ಗೋರ್ಬಚೆವ್ ವಿರುದ್ಧ ದಂಗೆ ಎದ್ದಾಗ ಸೋವಿಯತ್ ಟಿವಿಯಲ್ಲಿ ಸುದ್ದಿಯ ಬದಲು ಸ್ವಾನ್ ಲೇಕ್ ಹಾಕುತ್ತಾ ಕೂತಿದ್ದರು. ಅದಕ್ಕೂ ಮೊದಲು ದೊಡ್ಡ ನಾಯಕರು ಸತ್ತಾಗಲೂ ಹಾಗೇ ಮಾಡಿದ್ದರು. ಹಾಗಾಗಿ ಅಲ್ಲಿಯ ಒಂದು ತಲೆಮಾರಿಗೆ ಬಿಳಿ ಹಂಸ ಕಂಡರೆ ಪ್ರೇಮಕಥೆ ನೆನಪಾಗುವುದಿಲ್ಲ, 'ಏನೋ ಆಗಿದೆ, ನಮಗೆ ಹೇಳುತ್ತಿಲ್ಲ' ಅನಿಸುತ್ತದೆ.

ಪ್ರಶ್ನೆ (ಮೈಸೂರು): ನಾನು ಭರತನಾಟ್ಯ ಕಲಿತವಳು. ಬ್ಯಾಲೆಯಲ್ಲಿ ಮಾತಿಲ್ಲ, ಹಾಡಿಲ್ಲ. ಎಲ್ಲ ಕುಣಿತವೇ. ಕುಣಿತವನ್ನು ಪುಟದ ಮೇಲೆ ತರುವುದು ಹೇಗೆ ಮೇಡಂ?

ಉತ್ತರ: ತರಬೇಡಿ. ನಾನು ಪೆಟ್ಟು ತಿಂದು ಹೇಳುತ್ತಿದ್ದೇನೆ.

ಕೆಲವು ವರ್ಷದ ಹಿಂದೆ ನಾನೇ ಈ ಕಥೆಯನ್ನು ಬರೆಯಲು ಕೂತಿದ್ದೆ. ವಿಡಿಯೋ ನಿಲ್ಲಿಸಿ ನಿಲ್ಲಿಸಿ, ಅವಳು ಯಾವ ಕಾಲು ಎತ್ತಿದಳು, ಕೈ ಎಲ್ಲಿಗೆ ಹೋಯಿತು, ಕತ್ತು ಹೇಗೆ ಬಾಗಿತು ಅಂತ 40 ಪುಟ ತುಂಬಿಸಿದೆ. ಬಹಳ ಚೆನ್ನಾಗಿದೆ ಅಂತ ನನಗೆ ನಾನೇ ಬೀಗಿಕೊಂಡು ಒಬ್ಬ ಗೆಳತಿಗೆ ಓದಲು ಕೊಟ್ಟೆ. ಅವಳು ಎರಡು ದಿನ ಬಿಟ್ಟು ಫೋನ್ ಮಾಡಿ, 'ಯಾಕೆ, ಕ್ರಿಕೆಟ್ ಕಾಮೆಂಟರಿ ಬರೆದಿದ್ದೀಯಾ?' ಅಂದಳು. ಸಿಟ್ಟು ಬಂತು. ಮತ್ತೆ ಓದಿದೆ. ಸರಿಯಾಗೇ ಹೇಳಿದ್ದಳು. ಆ 40 ಪುಟದಲ್ಲಿ ಯಾರಿಗೂ ಏನೂ ಬೇಕಾಗಿರಲಿಲ್ಲ.

ನೀವು ನಾಟ್ಯ ಕಲಿತವರು, ಹಾಗಾಗಿ ನಿಮಗೆ ಬೇರೆ ಒಂದು ಬಾಗಿಲು ಇದೆ. 1895ರ ರೂಪದಲ್ಲಿ ಒಡೆಟ್ ತನ್ನ ಕಥೆಯನ್ನು ಕೈಸನ್ನೆಯಲ್ಲೇ ಹೇಳುತ್ತಾಳೆ. ಮೊದಲು ಕೆರೆ ಕಡೆ ಕೈ ತೋರಿಸುತ್ತಾಳೆ. ಆಮೇಲೆ ಬೆರಳುಗಳನ್ನು ಕಣ್ಣ ಕೆಳಗಿಂದ ಕೆನ್ನೆ ಮೇಲೆ ಇಳಿಸುತ್ತಾಳೆ, ಅದು ಕಣ್ಣೀರು. ತಲೆ ಮೇಲೆ ಬೆರಳು ಮುಟ್ಟಿಸಿದರೆ ರಾಣಿ. ಉಂಗುರದ ಬೆರಳು ತೋರಿಸಿದರೆ ಮದುವೆ. ಎರಡು ಬೆರಳು ಜೋಡಿಸಿ ಆಕಾಶಕ್ಕೆ ಎತ್ತಿದರೆ ಆಣೆ. ಮುಷ್ಟಿ ಕಟ್ಟಿ ಮಣಿಕಟ್ಟಿನ ಹತ್ತಿರ ಕೈ ಅಡ್ಡಹಾಕಿ ಕೆಳಗೆ ಇಳಿಸಿದರೆ ಸಾವು. ನಮ್ಮ ಅಭಿನಯದ ಮುಂದೆ ಇದು ಅಂಗನವಾಡಿ ಪಾಠ ಅನಿಸಬಹುದು ನಿಮಗೆ! ಆದರೆ ಅದರಲ್ಲಿ ಒಂದು ವಿಷಯ ಇದೆ. ಮಾತು ಕಳೆದುಕೊಂಡ ಹುಡುಗಿ, ಗೊತ್ತಿಲ್ಲದ ಗಂಡಸಿಗೆ, ಅವನ ಕೈಯಲ್ಲಿ ಇನ್ನೂ ಬಿಲ್ಲು ಇರುವಾಗ, ತನ್ನ ಇಡೀ ಬದುಕನ್ನು ಹತ್ತು ಸನ್ನೆಯಲ್ಲಿ ಹೇಳಬೇಕು. ಇವನು ಅದನ್ನು ಸರಿಯಾಗಿ ಓದಿಕೊಂಡನಾ? 'ಆಣೆ' ಅಂದಿದ್ದು ಅವನಿಗೆ 'ಆಕಾಶ' ಅಂತ ಕಂಡಿರಬಹುದಲ್ವಾ? ಒಂದು ಅಧ್ಯಾಯ ಇಲ್ಲೇ ಸಿಕ್ಕಿತು. ಸೋವಿಯತ್ ಕಾಲದ ರೂಪಗಳಲ್ಲಿ ಈ ಸನ್ನೆಗಳನ್ನು ತೆಗೆದು ಕುಣಿತ ಹಾಕಿಬಿಟ್ಟರು. ಹಾಗಾಗಿ ಎಷ್ಟೋ ಪ್ರದರ್ಶನಗಳಲ್ಲಿ ಒಡೆಟ್ ಯಾರು, ಯಾಕೆ ಹೀಗಾದಳು ಅನ್ನುವುದನ್ನು ರಂಗದ ಮೇಲೆ ಯಾರೂ ಹೇಳುವುದೇ ಇಲ್ಲ. ಆ ಖಾಲಿ ಜಾಗ ನಿಮ್ಮದು.

ಸಂಗೀತದ್ದೂ ಅದೇ ಕಥೆ. ಹಂಸದ ರಾಗ ಮೊದಲು ಬರುವುದು ಓಬೋದಲ್ಲಿ. ನಮ್ಮ ನಾಗಸ್ವರದ ಹಾಗೆ ಎರಡು ನಾಲಿಗೆಯ ವಾದ್ಯ, ಆದರೆ ಸಣ್ಣ, ಮೂಗಿನಲ್ಲಿ ಅಳುವಂಥ ದನಿ. 'ಸಂಗೀತ ಕರುಣಾಜನಕವಾಗಿತ್ತು' ಅಂತ ಬರೆದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಅದರ ಬದಲು ಇನ್ನೊಂದು ಶಬ್ದ ಕೇಳಿಸಿಕೊಳ್ಳಿ. ಹೆಡ್‌ಫೋನ್ ಹಾಕಿಕೊಂಡು ಒಳ್ಳೆಯ ರೆಕಾರ್ಡಿಂಗ್ ನೋಡಿದರೆ, ಎರಡು ಡಜನ್ ಹಂಸಗಳು ಒಟ್ಟಿಗೆ ಓಡಿ ಬರುವಾಗ ಟಕ್ ಟಕ್ ಟಕ್ ಅಂತ ಬೂಟಿನ ಸದ್ದು ಬರುತ್ತದೆ. ಆ ಬೂಟಿನ ತುದಿ ಬಟ್ಟೆ, ಕಾಗದ, ಅಂಟು ಸೇರಿಸಿ ಗಟ್ಟಿ ಮಾಡಿದ್ದು. ಹತ್ತಿಯ ಮೋಡದ ಹಾಗೆ ಕಾಣುವ ಹುಡುಗಿಯರಿಂದ ಕುದುರೆ ಗೊರಸಿನ ಸದ್ದು! ನನಗೆ ಅವರು ನಿಜವಾಗಿ ಜೀವ ಇರುವವರು ಅನಿಸಿದ್ದು ಆ ಸದ್ದಿನಿಂದ.

ಮತ್ತೆ ಆ ನಾಲ್ಕು ಮರಿ ಹಂಸಗಳ ಕುಣಿತ, ರೀಲ್ಸ್‌ನಲ್ಲಿ ನೀವೆಲ್ಲ ನೋಡಿರುತ್ತೀರಿ. ಕೈಗೆ ಕೈ ಅಡ್ಡಹಾಕಿ ಹೆಣೆದುಕೊಂಡು ಒಂದೇ ಪ್ರಾಣಿಯ ಹಾಗೆ ಪಕ್ಕಕ್ಕೆ ಸರಿಯುತ್ತಾರೆ. ಒಬ್ಬಳೂ ರೆಕ್ಕೆ ಬಿಚ್ಚುವಂತಿಲ್ಲ. ಒಬ್ಬಳು ಎಡವಿದರೆ ನಾಲ್ವರೂ ಬೀಳುತ್ತಾರೆ. ಅವರ ಕಾಲನ್ನು ವರ್ಣಿಸಬೇಡಿ. ಅವರು ಯಾಕೆ ಕೈ ಬಿಡುವುದಿಲ್ಲ ಅಂತ ಬರೆಯಿರಿ.

ಪ್ರಶ್ನೆ (ಬೆಂಗಳೂರು): ಫ್ಯಾಂಟಸಿ ಅಂದ ಮೇಲೆ ಮ್ಯಾಜಿಕ್‌ಗೆ ರೂಲ್ಸ್ ಬೇಕು. ಬ್ಯಾಲೆಯಲ್ಲಿ ಇರುವುದು ಎರಡೇ, 'ಹಗಲು ಹಂಸ, ರಾತ್ರಿ ಹುಡುಗಿ' ಮತ್ತು 'ಪ್ರೀತಿಯ ಆಣೆ'. ಇದರ ಮೇಲೆ ಏಳು ಸಂಪುಟ ಹೇಗೆ ಕಟ್ಟಲಿ?

ಉತ್ತರ: ಮೊದಲು ಒಂದು ಸಂಪುಟ ಮುಗಿಸಿ ಮಾರಾಯರೆ.

ರೂಲ್ಸ್ ಹೊಸದಾಗಿ ಹುಟ್ಟಿಸಬೇಕಿಲ್ಲ. ಇರುವ ಎರಡನ್ನೇ ಹಿಂಡಿ. ಕಥೆ ನಡೆಯುವುದು ಜರ್ಮನಿಯಲ್ಲಿ. ಅಲ್ಲಿ ಬರ್ಲಿನ್ ಕಡೆ ಜೂನ್ ತಿಂಗಳಲ್ಲಿ ರಾತ್ರಿ ಸುಮಾರು 7 ಗಂಟೆ ಮಾತ್ರ. ಡಿಸೆಂಬರ್‌ನಲ್ಲಿ ಸುಮಾರು 16 ಗಂಟೆ. ಅಂದರೆ ಒಡೆಟ್‌ಗೆ ಬೇಸಿಗೆಯಲ್ಲಿ ಮನುಷ್ಯಳಾಗಿ ಸಿಗುವುದು 7 ಗಂಟೆಯ ಬದುಕು. ಚಳಿಗಾಲದಲ್ಲಿ 16 ಗಂಟೆ ಸಿಗುತ್ತದೆ, ಆದರೆ ಆಗ ಹೊರಗೆ ಹಿಮ, ಕೆರೆ ಹೆಪ್ಪುಗಟ್ಟಿರುತ್ತದೆ. ರೆಕ್ಕೆ ಪುಕ್ಕ ಇದ್ದ ಹಗಲಲ್ಲಿ ಬೆಚ್ಚಗಿದ್ದವಳು ಸೂರ್ಯ ಮುಳುಗಿದ ತಕ್ಷಣ ಬರಿಮೈಯಲ್ಲಿ ನಡುಗುತ್ತಾ ನಿಲ್ಲಬೇಕು. ಗೆಳತಿಯರು ಬಟ್ಟೆ ಎಲ್ಲಿ ಬಚ್ಚಿಟ್ಟಿದ್ದಾರೆ? ಬೆಂಕಿ ಹಚ್ಚಿದರೆ ಹೊಗೆ ನೋಡಿ ಯಾರು ಬರುತ್ತಾರೆ? ಮನುಷ್ಯಳಾಗುವ ಹೊತ್ತು ಹೆಚ್ಚಾದಷ್ಟೂ ಬದುಕುವುದು ಕಷ್ಟ. ಇದು ನಾನು ಕಟ್ಟಿದ ಮ್ಯಾಜಿಕ್ ಅಲ್ಲ, ಭೂಮಿ ಓರೆಯಾಗಿ ತಿರುಗುವುದರ ಫಲ.

ಹಂಸದ ಬಗ್ಗೆಯೂ ಸ್ವಲ್ಪ ಓದಿಕೊಳ್ಳಿ. ಯುರೋಪಿನ ಕೆರೆಗಳ ದೊಡ್ಡ ಬಿಳಿ ಹಂಸ, ಹತ್ತು ಕಿಲೋ ಆಸುಪಾಸು ತೂಗುವ ಹಕ್ಕಿ, ಕೂತಲ್ಲಿಂದ ಕಾಗೆ ಹಾಗೆ ಹಾರಲಾರದು. ನೀರಿನ ಮೇಲೆ ಪಟಪಟ ಅಂತ ಕಾಲು ಬಡಿಯುತ್ತಾ ಓಡಿ ಮೇಲೇಳಬೇಕು. ಸಿಟ್ಟು ಬಂದರೆ ಹಾವಿನ ಹಾಗೆ ಬುಸ್ ಅನ್ನುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆಯಲ್ಲಿ, ರೆಕ್ಕೆಯ ದೊಡ್ಡ ಗರಿಗಳೆಲ್ಲ ಉದುರಿ ಆರೇಳು ವಾರ ಹಾರಲು ಆಗುವುದೇ ಇಲ್ಲ. ಆ ಆರೇಳು ವಾರದಲ್ಲಿ ರೋತ್‌ಬಾರ್ಟ್ ಕಾವಲು ಕಾಯಬೇಕಾದ ಅಗತ್ಯವೇ ಇಲ್ಲ. ಅವನೂ ಎಲ್ಲಿಗೋ ಹೋಗುತ್ತಾನೆ. ಎಲ್ಲಿಗೆ? ನೋಡಿ, ಎರಡನೇ ಸಂಪುಟಕ್ಕೂ ದಾರಿಯಾಯಿತು.

ಪ್ರಶ್ನೆ (ಜರ್ಮನಿಯಲ್ಲಿರುವ ಕನ್ನಡತಿ): ಮಗಳನ್ನು ಸ್ವಾನ್ ಲೇಕ್‌ಗೆ ಕರೆದುಕೊಂಡು ಹೋಗಿದ್ದೆ. 12 ವರ್ಷ ಅವಳಿಗೆ. ಹೊರಗೆ ಬಂದವಳೇ, 'ಅಮ್ಮ, ಅವನಿಗೆ ಗೊತ್ತಾಗಲಿಲ್ವಾ ಅದು ಬೇರೆ ಹುಡುಗಿ ಅಂತ? ದಡ್ಡನಾ?' ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಉತ್ತರ: ಈ ತಿಂಗಳ ಒಳ್ಳೆಯ ಪ್ರಶ್ನೆ ಇದು, ಮಗಳಿಗೆ ಹೇಳಿ.

ರಂಗದ ಮೇಲೆ ಇದು ನಡೆದುಹೋಗುತ್ತದೆ. ಯಾಕೆಂದರೆ ಒಡೆಟ್, ಒಡೀಲ್ ಎರಡನ್ನೂ ಸಾಮಾನ್ಯವಾಗಿ ಒಬ್ಬಳೇ ನರ್ತಕಿ ಮಾಡುತ್ತಾಳೆ. ಮುಖ ಒಂದೇ, ಮೈ ಒಂದೇ, ಮೋಸ ಹೋಗುವುದು ಸಹಜ. ಮೇಲಾಗಿ ನಾವೂ ಅವಳ ಕುಣಿತಕ್ಕೆ ಬೆರಗಾಗಿ ಚಪ್ಪಾಳೆ ಹೊಡೆಯುತ್ತಿರುತ್ತೇವೆ, ಹಾಗಾಗಿ ರಾಜಕುಮಾರನ ತಪ್ಪಿನಲ್ಲಿ ನಾವೂ ಪಾಲುದಾರರು. ಪುಟದ ಮೇಲೆ ಆ ನರ್ತಕಿ ಇಲ್ಲ. 'ಅವಳು ಥೇಟ್ ಒಡೆಟ್‌ಳ ಹಾಗೇ ಇದ್ದಳು' ಅಂತ ಒಂದು ವಾಕ್ಯ ಇರುತ್ತದೆ. ಆ ವಾಕ್ಯವನ್ನು ನಿಮ್ಮ ಮಗಳು ನಂಬುವುದಿಲ್ಲ. ಈ ಕಥೆಯ ಕಾದಂಬರಿಗಳು ಮುಗ್ಗರಿಸುವ ಜಾಗ ಇದೇ.

ನನಗೆ ಉತ್ತರ ಹೊಳೆದಿದ್ದು ನಳ ದಮಯಂತಿ ಕಥೆಯಿಂದ. ಯೋಚನೆ ಮಾಡಿ. ಅಲ್ಲೂ ಹಂಸ ಇದೆ. ಅಲ್ಲೂ ಮದುವೆಗೆ ಆರಿಸುವ ಸಭೆ ಇದೆ. ಅಲ್ಲೂ ಪ್ರೀತಿಸಿದವರ ರೂಪ ಹೊತ್ತು ಬಂದ ವೇಷಧಾರಿಗಳು ಇದ್ದಾರೆ, ಒಬ್ಬರಲ್ಲ, ನಾಲ್ವರು. ಇಂದ್ರ, ಅಗ್ನಿ, ವರುಣ, ಯಮ. ಸಭೆಯಲ್ಲಿ ಐದು ಜನ ನಳರು ಕೂತಿದ್ದಾರೆ. ದಮಯಂತಿಯ ಕೈಯಲ್ಲಿ ಹಾರ. ಕನಕದಾಸರ ನಳಚರಿತ್ರೆ ಶಾಲೆಯಲ್ಲಿ ಓದಿದವರಿಗೆ ಮುಂದಿನದು ನೆನಪಿರುತ್ತದೆ: ದೇವತೆಗಳು ಕಣ್ಣು ಮಿಟುಕಿಸುವುದಿಲ್ಲ, ಬೆವರುವುದಿಲ್ಲ, ನೆರಳು ಬೀಳುವುದಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ, ಹಾಕಿಕೊಂಡ ಹೂವು ಬಾಡುವುದಿಲ್ಲ. ಬೆವರುತ್ತಾ, ಬಾಡಿದ ಹೂವಿನ ಜೊತೆ, ಧೂಳು ಕಾಲಿನಲ್ಲಿ ನಿಂತವನೇ ನಳ. ಮನುಷ್ಯ ಅನ್ನುವುದರ ಗುರುತು ಬೆವರು! ಎಂಥ ಕಲ್ಪನೆ.

ಆದರೆ ಮಹಾಭಾರತದ ವನಪರ್ವದ ಕಥೆಯಲ್ಲಿ ನಾವು ಮರೆಯುವ ಒಂದು ವಿಷಯ ಇದೆ. ಮೊದಲಿಗೆ ದಮಯಂತಿಗೂ ಗೊತ್ತಾಗಲಿಲ್ಲ. ಐವರೂ ಒಂದೇ ಥರ ಕಂಡರು. ಆಗ ಅವಳು ಹಾರ ಹಾಕಲಿಲ್ಲ. ನಿಂತಳು. ಕೈ ಮುಗಿದು, ನನ್ನ ಸತ್ಯದ ಮೇಲೆ ಆಣೆ, ನಿಮ್ಮ ಗುರುತು ತೋರಿಸಿ ಅಂತ ದೇವತೆಗಳನ್ನೇ ಕೇಳಿದಳು. ಆಮೇಲೆ ಗುರುತು ಕಂಡಿತು. ಸೀಗ್‌ಫ್ರೀಡ್‌ಗೂ ದಮಯಂತಿಗೂ ಇರುವ ವ್ಯತ್ಯಾಸ ಕಣ್ಣಿನದ್ದಲ್ಲ. ಅವಳು ಅನುಮಾನ ಬಂದಾಗ ನಿಂತಳು, ಇವನಿಗೆ ಅನುಮಾನ ಬರುವಷ್ಟು ಹೊತ್ತೂ ಇರಲಿಲ್ಲ. ಬ್ಯಾಲೆಯಲ್ಲಿ ನಿಜವಾದ ಒಡೆಟ್ ಅದೇ ಹೊತ್ತಿಗೆ ಕಿಟಕಿಯಲ್ಲಿ ಕಾಣಿಸಿಕೊಂಡು ಒದ್ದಾಡುತ್ತಾಳೆ. ಇವನು ತಲೆ ಎತ್ತಿದ್ದರೆ ಸಾಕಿತ್ತು.

ಹಾಗಾಗಿ ಕಾದಂಬರಿಯಲ್ಲಿ ಕೇಳಬೇಕಾದ್ದು 'ಗೊತ್ತಾಗಲಿಲ್ವಾ' ಅಂತಲ್ಲ, 'ಯಾಕೆ ಅವಸರ ಮಾಡಿದ' ಅಂತ. ಅಮ್ಮ ನೋಡುತ್ತಿದ್ದಾಳೆ. ಆರು ದೇಶದ ರಾಯಭಾರಿಗಳು ನೋಡುತ್ತಿದ್ದಾರೆ. ಬಂದ ಹುಡುಗಿಯರನ್ನೆಲ್ಲ ಬೇಡ ಅಂದು ಅವಮಾನ ಮಾಡಿಯಾಗಿದೆ. ಅಷ್ಟರಲ್ಲಿ ಅವಳೇ ಬಾಗಿಲಿಗೆ ಬಂದಳು. ಅಬ್ಬಾ, ಬಚಾವಾದೆ ಅನಿಸಿತು. ಆ ಸಮಾಧಾನವೇ ಅವನ ಕಣ್ಣು ಕಟ್ಟಿತು ಅಂತ ನೀವು ಬರೆದರೆ, ಅವನು ದಡ್ಡ ಅನಿಸುವುದಿಲ್ಲ. ನಮ್ಮ ನೆಂಟರ ಮನೆ ಹೆಣ್ಣು ನೋಡುವ ಶಾಸ್ತ್ರದಲ್ಲಿ ಕೂತ ಯಾವುದೋ ಹುಡುಗನ ಹಾಗೆ ಕಾಣುತ್ತಾನೆ.

ಪ್ರಶ್ನೆ (ಹುಬ್ಬಳ್ಳಿ): ಒಡೀಲ್‌ಳನ್ನೇ ನಾಯಕಿ ಮಾಡಿ, ಕಪ್ಪು ಹಂಸದ ದೃಷ್ಟಿಯಿಂದ ಬರೆದರೆ?

ಉತ್ತರ: ಬರೆಯಿರಿ, ಆದರೆ ಒಂದು ವಿಷಯ ತಿಳಿದುಕೊಂಡು ಬರೆಯಿರಿ. ಒಡೀಲ್ ಹಂಸವೇ ಅಲ್ಲ. ಕಥೆಯಲ್ಲಿ ಅವಳು ರೋತ್‌ಬಾರ್ಟ್‌ನ ಮಗಳು, ಅಷ್ಟೆ. 1895ರಲ್ಲಿ ಅವಳ ಬಟ್ಟೆಯೂ ಕಪ್ಪಲ್ಲ. ಕಪ್ಪು ಬಟ್ಟೆ, 'ಕಪ್ಪು ಹಂಸ' ಅನ್ನುವ ಹೆಸರು, ಇದೆಲ್ಲ 20ನೇ ಶತಮಾನದಲ್ಲಿ ಅಂಟಿಕೊಂಡಿದ್ದು. ಅವಳ ಹೆಸರುವಾಸಿ 32 ಸುತ್ತು ಇದೆಯಲ್ಲ, ಒಂಟಿ ಕಾಲಿನ ತುದಿಯಲ್ಲಿ ನಿಂತು ಇನ್ನೊಂದು ಕಾಲನ್ನು ಚಾಟಿ ಹಾಗೆ ಬೀಸಿ ಬುಗುರಿಯಂತೆ ತಿರುಗುವುದು, ಅದೂ ಕಥೆಗೆ ಬೇಕು ಅಂತ ಬಂದಿದ್ದಲ್ಲ. 1895ರಲ್ಲಿ ಆ ಪಾತ್ರ ಮಾಡಿದ ಪಿಯೆರಿನಾ ಲೆನ್ಯಾನಿ ಅನ್ನುವ ಇಟಲಿಯ ನರ್ತಕಿಗೆ ಅದು ಬರುತ್ತಿತ್ತು. ಎರಡು ವರ್ಷ ಮೊದಲು ಸಿಂಡ್ರೆಲಾ ಬ್ಯಾಲೆಯಲ್ಲಿ ಅದನ್ನು ಮಾಡಿ ಸೇಂಟ್ ಪೀಟರ್ಸ್‌ಬರ್ಗ್‌ನವರ ಬಾಯಿ ಮುಚ್ಚಿಸಿದ್ದರು. ಇಲ್ಲೂ ಸೇರಿಸಿದರು.

ಆದರೆ ಆ ಸುತ್ತನ್ನು ಕಥೆಯ ಕಣ್ಣಿನಲ್ಲಿ ನೋಡಿ. ಇಡೀ ಸಭೆ ಅವಳ ಕಾಲು ನೋಡುತ್ತಾ ಎಣಿಸುತ್ತಿದೆ. 28, 29, 30. ಯಾರೂ ಕಿಟಕಿ ಕಡೆ ನೋಡುತ್ತಿಲ್ಲ. ಅವಳನ್ನು ಕರೆತಂದಿದ್ದೇ ಅದಕ್ಕೆ. ಅಪ್ಪ ಕಲಿಸಿದ ಒಂದೇ ವಿದ್ಯೆ, ಎಲ್ಲರ ಕಣ್ಣು ಹಿಡಿದಿಡುವುದು. ನಿಂತರೆ ಮುಗಿಯಿತು, ಆಮೇಲೆ ಅವಳನ್ನು ಅವಳಾಗಿ ಯಾರೂ ನೋಡುವುದಿಲ್ಲ. ಇಂಥ ಒಡೀಲ್ ನನಗೆ ಬೇಕು. 'ಕೆಟ್ಟವಳಲ್ಲ ಪಾಪ, ಚಿಕ್ಕಂದಿನಲ್ಲಿ ಕಷ್ಟ ಪಟ್ಟವಳು' ಅನ್ನುವ ಒಡೀಲ್ ಮಾತ್ರ ಬೇಡ. ಅದು ಈಗ ಪ್ರತಿ ರಾಕ್ಷಸನಿಗೂ ಹಂಚುತ್ತಿರುವ ಪಾನಕ ಆಗಿದೆ.

ಪ್ರಶ್ನೆ (ಶಿರಹಟ್ಟಿ ತಾಲ್ಲೂಕು): ನಮ್ಮ ಮಾಗಡಿ ಕೆರಿಗೆ ಚಳಿಗಾಲದಾಗ ದೂರದಿಂದ ಹಕ್ಕಿ ಬರ್ತಾವ್ರಿ. ಕಥಿನ ಇಲ್ಲಿಗೇ ತಂದ್ರ ಹೆಂಗ್ರಿ ಮೇಡಂ? ಸೀಗ್‌ಫ್ರೀಡ್‌ನ ಸಿದ್ಧರಾಜ ಮಾಡ್ತೀನಿ.

ಉತ್ತರ: ಹೆಸರು ಬದಲಿಸಿದರೆ ಸಾಲದು ಸರ್. ಸಿದ್ಧರಾಜನಾದ ಮೇಲೂ ಅವನು ಕುಣಿತದ ಕೂಟದಲ್ಲಿ ಹೆಣ್ಣು ಆರಿಸುತ್ತಾ ನಿಂತರೆ ಅದು ನಾಟಕದ ಕಂಪನಿಯ ಬಾಡಿಗೆ ಬಟ್ಟೆ ಹಾಕಿಕೊಂಡ ಹಾಗೆ. ಅದಕ್ಕಿಂತ ಜರ್ಮನಿಯಲ್ಲೇ ಬಿಡುವುದು ವಾಸಿ. ಕನ್ನಡದಲ್ಲಿ ಬರೆದ ಮಾತ್ರಕ್ಕೆ ಕಥೆ ಕರ್ನಾಟಕಕ್ಕೆ ಬರಬೇಕು ಅಂತೇನೂ ಇಲ್ಲ.

ಆದರೆ ನಿಮ್ಮ ಕೆರೆಯ ಹಕ್ಕಿಯಿಂದ ಶುರು ಮಾಡಿದರೆ ಬೇರೆ ಮಾತು. ಅಲ್ಲಿಗೆ ಬರುವುದು ಬಿಳಿ ಹಂಸ ಅಲ್ಲ, ಪಟ್ಟೆತಲೆ ಹೆಬ್ಬಾತು. ಬಿಳಿ ತಲೆ, ಹಿಂದೆ ಎರಡು ಕಪ್ಪು ಗೀರು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಸುತ್ತಲಿನ ಹೊಲಕ್ಕೆ ಹೋಗಿ ಶೇಂಗಾ, ಕಡಲೆ ಮೇಯ್ದು ಬಂದು ಹಗಲು ಕೆರೆಯಲ್ಲಿ ಕೂರುತ್ತವೆ. ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಈಗ ನೋಡಿ, ಇಲ್ಲಿ ರಾತ್ರಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉದ್ದ, 11ರಿಂದ 13 ಗಂಟೆ. ಮೇಲೆ ಹೇಳಿದ 7 ಗಂಟೆ, 16 ಗಂಟೆಯ ಆಟ ನಡೆಯುವುದಿಲ್ಲ. ಅದರ ಬದಲು ನಿಮಗೆ ಬೇರೆ ಗಡುವು ಸಿಗುತ್ತದೆ. ಬೇಸಿಗೆ ಬರುವ ಹೊತ್ತಿಗೆ ಅವಳು ಹಿಮಾಲಯ ದಾಟಿ ಹೋಗಲೇಬೇಕು. ಹೋದವಳು ಬರುತ್ತಾಳೋ ಇಲ್ಲವೋ. ಆಣೆ ಇಟ್ಟವನು ಆರೇಳು ತಿಂಗಳು ಖಾಲಿ ಕೆರೆ ನೋಡಿಕೊಂಡು ಇರಬೇಕು. ಕಾಯುವವನ ಮನೆಯವರು ಸುಮ್ಮನಿರುತ್ತಾರಾ? ಇನ್ನೊಂದು ಕಡೆ ಮಾತುಕತೆ ಮುಗಿಸಿಬಿಡುತ್ತಾರೆ. ಒಡೀಲ್ ಮಾಂತ್ರಿಕನ ಮಗಳಾಗಬೇಕಿಲ್ಲ, ಸೋದರಮಾವನ ಮಗಳಾದರೂ ಸಾಕು. ಹಕ್ಕಿ ಬಂದು ತನ್ನ ಶೇಂಗಾ ತಿನ್ನುತ್ತದೆ ಅಂತ ಗೊಣಗುವ ರೈತನೂ ಇರಲಿ.

ಹಕ್ಕಿಯಾಗುವ ಹೆಣ್ಣು ನಮಗೆ ಹೊಸಬಳೂ ಅಲ್ಲ. ಶತಪಥ ಬ್ರಾಹ್ಮಣ ಅನ್ನುವ ವೇದಕಾಲದ ಗ್ರಂಥದಲ್ಲಿ ಊರ್ವಶಿ ಬಿಟ್ಟುಹೋದ ಮೇಲೆ ಪುರೂರವ ಹುಚ್ಚನ ಹಾಗೆ ಅಲೆಯುತ್ತಾ ಕುರುಕ್ಷೇತ್ರದ ಒಂದು ತಾವರೆ ಕೆರೆಗೆ ಬರುತ್ತಾನೆ. ಅಪ್ಸರೆಯರು ನೀರುಹಕ್ಕಿಗಳಾಗಿ ಈಜುತ್ತಿರುತ್ತಾರೆ. ಅವನಿಗೆ ಗೊತ್ತಾಗುವುದಿಲ್ಲ. ಅವಳೇ ಗುರುತು ಹಿಡಿದು, ನಾನು ಜೊತೆಗಿದ್ದ ಮನುಷ್ಯ ಇವನೇ ಅಂತ ಉಳಿದವರಿಗೆ ಹೇಳುತ್ತಾಳೆ. ಇಲ್ಲೂ ಗಂಡಸಿಗೆ ಗುರುತು ಸಿಗಲಿಲ್ಲ ನೋಡಿ! ಜರ್ಮನಿಯ ಆ ಹುಡುಗಿಗೆ ಇದನ್ನೂ ಹೇಳಬೇಕಿತ್ತು.

ಪ್ರಶ್ನೆ (ದಾವಣಗೆರೆ): ಕಾಪಿರೈಟ್ ತೊಂದರೆ ಬರುತ್ತಾ?

ಉತ್ತರ: ಹಳೆಯ ಕಥೆಗೆ ಇಲ್ಲ. ನಮ್ಮಲ್ಲಿ ಬರೆದವರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಇರುತ್ತದೆ. 1877, 1895ರ ಮಂದಿ ಹೋಗಿ ನೂರು ವರ್ಷದ ಮೇಲಾಯಿತು. ಆದರೆ ಇತ್ತೀಚೆಗೆ ಯಾರೋ ಮಾಡಿದ ಬ್ಯಾಲೆಯಲ್ಲೋ ಸಿನಿಮಾದಲ್ಲೋ ಕಾರ್ಟೂನಿನಲ್ಲೋ ಹೊಸದಾಗಿ ಸೇರಿಸಿದ ಪಾತ್ರ, ತಿರುವು, ಸಂಭಾಷಣೆ ಎತ್ತಬೇಡಿ. ನೃತ್ಯ ಸಂಯೋಜನೆಗೂ ನಮ್ಮ ಕಾಯ್ದೆಯಲ್ಲಿ ಹಕ್ಕಿದೆ. ನೀವು ಕಾಲು ವರ್ಣಿಸುವುದಿಲ್ಲ ಅಂತ ಆಗಲೇ ಮಾತಾಗಿದೆಯಲ್ಲ, ಹಾಗಾಗಿ ಚಿಂತೆ ಬೇಡ.

ಪ್ರಶ್ನೆ (ಸಾಗರ, 9ನೇ ತರಗತಿ): ಆಂಟಿ, ಒಡೆಟ್ ಹಂಸ ಆಗಿದ್ದಾಗ ಏನು ತಿಂತಾಳೆ? ರಾತ್ರಿ ಮನುಷ್ಯಳಾದ ಮೇಲೆ ಹೊಟ್ಟೆ ನೋವು ಬರಲ್ವಾ?

ಉತ್ತರ: ನೋಡಮ್ಮ, ದೊಡ್ಡವರೆಲ್ಲ ಶಾಪ, ಆಣೆ ಅಂತ ಒದ್ದಾಡುತ್ತಿದ್ದಾರೆ, ಊಟದ ಬಗ್ಗೆ ಕೇಳಿದವಳು ನೀನೊಬ್ಬಳೇ. ಹಂಸ ಮುಖ್ಯವಾಗಿ ನೀರೊಳಗಿನ ಗಿಡ ತಿನ್ನುತ್ತದೆ. ಉದ್ದ ಕತ್ತು ಕೆಳಗೆ ಹಾಕಿ, ಬಾಲ ಮೇಲೆ ಮಾಡಿ, ತಳದಿಂದ ಕಿತ್ತು ತಿನ್ನುತ್ತದೆ. ರಾಜಕುಮಾರಿ ದಿನಕ್ಕೆ ಎಷ್ಟೋ ಗಂಟೆ ಬಾಲ ಮೇಲೆ ಮಾಡಿಕೊಂಡೇ ಇರುತ್ತಾಳೆ ಅಂತಾಯಿತು, ಇದನ್ನು ಯಾವ ಬ್ಯಾಲೆಯಲ್ಲೂ ತೋರಿಸುವುದಿಲ್ಲ. ಹಗಲೆಲ್ಲ ಹಸಿ ಪಾಚಿ, ಜೊಂಡು ತಿಂದು ಸೂರ್ಯ ಮುಳುಗಿದಾಗ ಮನುಷ್ಯಳ ಹೊಟ್ಟೆ ಬಂದರೆ ಏನಾಗಬಹುದು? ಬಾಯಲ್ಲಿ ಕೆಸರಿನ ರುಚಿ ಇನ್ನೂ ಇರುತ್ತದಾ? ರಾಜಕುಮಾರ ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟರೆ ಅವಳಿಗೆ ತಿನ್ನಲು ಆಗುತ್ತದಾ? ನನಗೆ ಗೊತ್ತಿಲ್ಲ ಪುಟ್ಟಿ. ನೀನೇ ಆ ಅಧ್ಯಾಯ ಬರೆದು ಕಳಿಸು. ಎರಡು ಪುಟ ಸಾಕು. ಅಮ್ಮನ ಹತ್ತಿರ ತಿದ್ದಿಸಬೇಡ.